ಕಣಗಿನಹಾಳದ ಪತ್ತು

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲಸಿದ ನಮಗೆ ‘ಸೊಸಾಯಿಟಿ’ ಎಂಬುದು ಮನೆಮಾತಾಗಿದೆ. ನಾವು ವಾಸಿಸುವುದು ಸೊಸಾಯಿಟಿಯ ಕಟ್ಟಡದಲ್ಲಿ. ನೀರಿನ ಟಾಕಿ ಸೋರಿದರೆ ದೂರುವುದು ಸೊಸಾಯಿಟಿಯ ಕಾರ್ಯದರ್ಶಿಯನ್ನು. ಮಗಳ ಮದುವೆಗೆಂದು ಕೂಡಿಟ್ಟ ಹಣ ಎಷ್ಟೋ ಮನೆಗಳಲ್ಲಿ ಇರುವುದು ಸಹಕಾರಿ ಬ್ಯಾಂಕಿನಲ್ಲಿ. ಆದರೆ ಈ ಸಹಕಾರದ ಬಳ್ಳಿ ಹಿಂದಿನ ಮುಂಬಯಿ ಇಲಾಖೆಯಲ್ಲಿ ಮೊದಲು ಬೇರುಬಿಟ್ಟದ್ದು ಮುಂಬಯಿಯ ಪೇಟೆಯಲ್ಲಲ್ಲ, ಗದಗ ತಾಲೂಕಿನ ಒಂದು ಹಳ್ಳಿಯಲ್ಲಿ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು? ರಾಜ್ಯೋತ್ಸವದ ಈ ಸಂದರ್ಭದಲ್ಲಿ ಆ ಹಳ್ಳಿಯನ್ನು ನೆನೆಯುವುದು ಉಚಿತವೆಂದು ತೋರುತ್ತದೆ.

ಆ ಹಳ್ಳಿ ಕಣಗಿನಹಾಳ. ಇಂದು ಅದು ಗದಗ ಜಿಲ್ಲೆಯಲ್ಲಿದೆ. 1905ರಲ್ಲಿ ಧಾರವಾಡ ಜಿಲ್ಲೆಗೆ ಸೇರಿತ್ತು. ಧಾರವಾಡವು ಮುಂಬಯಿ ಇಲಾಖೆಗೆ ಸೇರಿತ್ತು. ಠಾಣೆ, ಕಲ್ಯಾಣಗಳಿಗೂ ಗದಗ, ಬೆಟಗೇರಿಗಳಿಗೂ ಆಗ ಒಂದೇ ಸರಕಾರ, ಒಂದೇ ಕಾಯಿದೆ.

ಅಂದಿನ ರೈತನ ಸ್ಥಿತಿಯನ್ನು ಮೊದಲು ಅರಿಯಬೇಕು. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬಾರದಾಯಿತು. ಆಗ ಮುಂಬಯಿ ಬಂದರದಲ್ಲಿ ನಮ್ಮ ಹತ್ತಿಗೆ ಕಂಡರಿಯದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಬೆಲೆ ಇಳಿಯಿತು. ಬೆಲೆಯನ್ನು ನಂಬಿ ಮಾಡಿದ ಸಾಲ ಮಾತ್ರ ಇಳಿಯಲಿಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದರ ಬೆನ್ನಿಗೇ 1876–78ರ ಭೀಕರ ಬರ ಬಂದಿತು. ಶತಮಾನ ಮುಗಿಯುವುದರೊಳಗೆ ಮತ್ತೆ ಎರಡು ಬರಗಳು. ಹಗೇವುಗಳು ಬರಿದಾದವು, ಎತ್ತುಗಳು ಸತ್ತವು. 1879ರಲ್ಲಿ ದಖ್ಖಣದ ರೈತರ ರಕ್ಷಣೆಗೆಂದು ಒಂದು ಕಾಯಿದೆಯೇನೋ ಆಯಿತು. ಆದರೆ ಕಾಯಿದೆಯು ಸಾವಕಾರನ ಕೈಯನ್ನು ತಡೆಯಬಲ್ಲುದೇ ಹೊರತು ಬಿತ್ತುವ ಹೊತ್ತಿಗೆ ರೈತನ ಕೈಗೆ ಬೀಜದ ಹಣವನ್ನು ಕೊಡಲಾರದು.

ಹಾಗಾದರೆ ದಾನಧರ್ಮ ಇರಲಿಲ್ಲವೆ? ಇದ್ದಿತು. ಬರದಲ್ಲಿ ಗಂಜಿ ಕಾಸಿ ಬಡಿಸಿದ ಪುಣ್ಯವಂತರು ನಮ್ಮ ನಾಡಿನಲ್ಲಿ ಕಡಿಮೆಯಲ್ಲ. ಅದರಿಂದ ಅಂದಿನ ಹಸಿವು ನೀಗಿತು. ಮರುವರ್ಷದ ಸಾಲ ನೀಗಲಿಲ್ಲ. ಈ ಪಾಠವನ್ನು ದೂರದ ಜರ್ಮನಿಯಲ್ಲಿ ಒಬ್ಬ ಗ್ರಾಮಾಧಿಕಾರಿ ಆಗಲೇ ಕಲಿತಿದ್ದನು. ಫ್ರೀಡ್ರಿಕ್ ರೈಫೈಸನ್ ಎಂಬ ಆತನು 1846–47ರ ಕ್ಷಾಮದಲ್ಲಿ ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿ ಒದಗಿಸಿದನು. ಕೊಡುವವರ ಉತ್ಸಾಹ ಬಹಳ ದಿನ ನಿಲ್ಲದೆಂಬುದು ಅವನಿಗೆ ಅನುಭವದಿಂದ ತಿಳಿಯಿತು. ಆದುದರಿಂದ 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ, ಪಡೆಯುವವರೇ ಸದಸ್ಯರಾಗಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಸಾಲದ ಸಂಘವನ್ನು ಕಟ್ಟಿದನು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಇಂಥ ಸಂಘಗಳನ್ನು ಅಭ್ಯಸಿಸಿ ವರದಿ ಬರೆದನು. 1904ರಲ್ಲಿ ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು.

ಈ ಕಾಯಿದೆಯ ಮುಖ್ಯ ನಿಯಮಗಳನ್ನು ಗಮನಿಸಬೇಕು. ಒಂದೇ ಊರಿನ ಹತ್ತು ಜನ ಕೂಡಿದರೆ ಸಂಘ ಕಟ್ಟಬಹುದು. ಹಳ್ಳಿಯ ಸಂಘವಾದರೆ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಒಕ್ಕಲುತನದವರಿರಬೇಕು. ಲಾಭವನ್ನು ಹಂಚಿಕೊಳ್ಳದೆ ಕಾಯ್ದಿಟ್ಟ ನಿಧಿಗೆ ಸೇರಿಸಬೇಕು. ಎಲ್ಲಕ್ಕಿಂತ ದೊಡ್ಡದು ಹೊಣೆಯ ನಿಯಮ: ಹಳ್ಳಿಯ ಸಂಘದಲ್ಲಿ ಹೊಣೆಗೆ ಮಿತಿಯಿಲ್ಲ. ಸಂಘದ ಸಾಲ ಮುಳುಗಿದರೆ ಸದಸ್ಯರೆಲ್ಲರ ಆಸ್ತಿಯೂ ಅದಕ್ಕೆ ಉತ್ತರ ಹೇಳಬೇಕು.

1905ರಲ್ಲಿ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಈ ಕಾಯಿದೆಯಂತೆ ತಮ್ಮೂರಲ್ಲಿ ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಮುಂಬಯಿ ಇಲಾಖೆಯಲ್ಲಿ ಅಂಥದು ಅದೇ ಮೊದಲು. ಭಾರತದಲ್ಲಿಯೇ ಮೊದಲನೆಯದೆಂದು ನಮ್ಮ ನಾಡಿನವರು ಅಭಿಮಾನದಿಂದ ಹೇಳುವರು. ಊರಗೌಡನಿಗೆ ಸಾಲ ಹುಟ್ಟುವುದೇನೂ ಕಷ್ಟವಲ್ಲ. ಮಿತಿಯಿಲ್ಲದ ಹೊಣೆಯ ಸಂಘದಲ್ಲಿ ಹೊಲಮನೆ ಉಳ್ಳವನು ಕಳೆದುಕೊಳ್ಳಬಹುದಾದದ್ದೇ ಹೆಚ್ಚು. ಹಾಗಿದ್ದೂ ಎರಡೆಕರೆಯ ಬಡ ಒಕ್ಕಲಿಗನ ಪಕ್ಕದಲ್ಲಿ ತನ್ನ ಹೆಸರನ್ನೂ ಬರೆಯಿಸಿದನಲ್ಲ, ಅದೇ ದೊಡ್ಡ ದಾನವೆಂದು ನಮ್ಮ ಭಾವನೆ. ಅವನು ಕೊಟ್ಟದ್ದು ಬರಿಯ ಹಣವಲ್ಲ, ತನ್ನ ಪತ್ತು. ಗಂಜಿಯನ್ನು ಉಂಡವನು ತಲೆ ತಗ್ಗಿಸಿ ಹೋಗುವನು; ಪತ್ತನ್ನು ಪಡೆದವನು ತಲೆಯೆತ್ತಿ ಬಂದು ಸಾಲ ತೀರಿಸುವನು.

ನಮ್ಮ ರೈತರಿಗೆ ಇದು ತೀರ ಹೊಸದಾಗಿರಲಿಲ್ಲ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಮುಯ್ಯಾಳಿನ ಪದ್ಧತಿ ಹಳ್ಳಿಗಳಲ್ಲಿ ಮೊದಲಿನಿಂದಲೂ ಇತ್ತು. ಸಂಘವು ಆ ಮುಯ್ಯಿಯನ್ನು ಖಾತೆಪುಸ್ತಕದಲ್ಲಿ ಬರೆದಿಟ್ಟಿತು.

1912ರ ಹೊಸ ಕಾಯಿದೆಯು ಸಾಲದ ಹೊರತಾದ ಕೆಲಸಗಳಿಗೂ ದಾರಿ ತೆರೆಯಿತು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಸಹಕಾರಿ ಬ್ಯಾಂಕು ಹುಟ್ಟಿತು. 1917ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘ ಬಂದಿತು. ಅಡತಿ ಅಂಗಡಿಗೆ ಒಬ್ಬೊಬ್ಬನೇ ಗಾಡಿ ಹೊಡೆದುಕೊಂಡು ಹೋಗಿ ಹೇಳಿದ ಬೆಲೆಗೆ ಕೊಟ್ಟು ಬರುತ್ತಿದ್ದ ರೈತರಿಗೆ, ಕೂಡಿ ಮಾರುವ ಬಲ ಆಗ ದೊರೆಯಿತು.

ಅದೇ ಗಾಳಿ ಮುಂಬಯಿಯಲ್ಲೂ ಬೀಸಿತು. ಕರಾವಳಿಯ ಚಿತ್ರಾಪುರ ಸಾರಸ್ವತ ಸಮಾಜದ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರು 1906ರಲ್ಲಿ ಇಲ್ಲಿ ಶ್ಯಾಮರಾವ್ ವಿಠ್ಠಲ ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದರು. ಅದೇ ಮುಂದೆ ಬ್ಯಾಂಕಾಗಿ ಬೆಳೆಯಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತರ ಸಹಕಾರಿ ಗೃಹನಿರ್ಮಾಣ ಸಂಘವಾಯಿತು. ಇಂದು ನಮ್ಮ ಮನೆಗಳಿರುವ ಸೊಸಾಯಿಟಿಗಳೆಲ್ಲ ಅದರ ತಮ್ಮಂದಿರೇ.

ಸಹಕಾರವು ಎಲ್ಲೆಡೆಯೂ ಗೆದ್ದಿತೆಂದರೆ ಸುಳ್ಳಾದೀತು. ರಿಜರ್ವ್ ಬ್ಯಾಂಕು ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯ ಪ್ರಕಾರ, 1951–52ರಲ್ಲಿ ರೈತರ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ 3ರಷ್ಟೇ. ಸಾವಕಾರರದು ಸುಮಾರು 70. ಅರ್ಧ ಶತಮಾನದ ದುಡಿಮೆಗೆ ಇಷ್ಟೇ ಫಲ! ಎಷ್ಟೋ ಕಡೆ ಉಳ್ಳವರು ಸಂಘದ ಬಾಗಿಲನ್ನು ತಮ್ಮ ಮನೆಯ ಬಾಗಿಲನ್ನಾಗಿ ಮಾಡಿಕೊಂಡರು. ನಂಬಿ ಇಟ್ಟ ಠೇವು ಕೈಗೆ ಸಿಗದೆ ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತು ಅತ್ತವರನ್ನು ಈ ಪಟ್ಟಣಗಳಲ್ಲಿ ನಾವೂ ಕಂಡಿದ್ದೇವೆ. ಲೆಕ್ಕ ಕೇಳುವವರಿಲ್ಲದಾಗ ಪತ್ತು ಉಳಿಯುವುದಿಲ್ಲ.

ಆದರೂ ಬೇರು ಸತ್ತಿಲ್ಲ. ಗದಗ ತಾಲೂಕಿನದೇ ಆದ ಹುಲಕೋಟಿಯನ್ನು ನೋಡಿರಿ. ‘ಹುಲಕೋಟಿಯ ಹುಲಿ’ ಎನಿಸಿಕೊಂಡ ಕೆ. ಎಚ್. ಪಾಟೀಲರು (1925–1992) ಅಲ್ಲಿ ಸಹಕಾರಿ ನೂಲಿನ ಗಿರಣಿಯವರೆಗೆ ಸಂಸ್ಥೆಗಳನ್ನು ಬೆಳೆಸಿದರು. ಅವರ ಹೆಸರಿನ ಕೃಷಿ ವಿಜ್ಞಾನ ಕೇಂದ್ರವನ್ನು ಅಲ್ಲಿಯದೇ ಒಂದು ಸೇವಾಸಂಸ್ಥೆ ನಡೆಸುತ್ತಿದೆ. ಹೊಸ ತಳಿಯನ್ನು ರೈತನ ಹೊಲದಲ್ಲಿಯೇ ಬೆಳೆದು ತೋರಿಸುವುದು, ರೈತರಿಗೆ ತರಬೇತಿ ಕೊಡುವುದು ಇಂಥ ಕೇಂದ್ರದ ಕೆಲಸ. ಮಳೆಯನ್ನೇ ನಂಬಿದ ಎರೆಹೊಲದವನಿಗೆ ಸಾಲದಷ್ಟೇ ತಿಳಿವಳಿಕೆಯೂ ಬೇಕು.

ಇನ್ನು ನಮ್ಮ ಮಾತು. ನಮ್ಮಲ್ಲಿ ಎಷ್ಟೋ ಜನ ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಬಂದವರು. ಕೆಲವರು ಮಾರಿಯೇ ಬಂದವರು. ಬಂದು ನಿಂತ ನೆಲವೂ ಯಾರದೋ ಹೊಲವಾಗಿತ್ತು. 1970ರಿಂದ ನವಿ ಮುಂಬಯಿ ಎದ್ದುದು ಆಗರಿ, ಕೋಳಿ ಜನರ ಬತ್ತದ ಗದ್ದೆ, ಉಪ್ಪಿನ ಆಗರಗಳ ಮೇಲೆ. 1984ರಲ್ಲಿ ನ್ಯಾಯವಾದ ಪರಿಹಾರ ಕೇಳಿದ ಅಲ್ಲಿಯ ರೈತರು ಉರಣದ ಬಳಿಯ ಜಾಸಯಿಯಲ್ಲಿ ಗುಂಡಿಗೆ ಬಲಿಯಾದರು. ಹೀಗೆ ಬಿಟ್ಟುಬಂದ ಊರಿನ ರೈತನಿಗೂ, ಇಂಬು ಕೊಟ್ಟ ಊರಿನ ರೈತನಿಗೂ ನಾವು ಋಣಿಗಳು.

ಊರಿಗೆ ಹೋದಾಗ ಗುಡಿಯ ಕಳಸಕ್ಕೆ, ಜಾತ್ರೆಯ ತೇರಿಗೆ ನಾವು ಕೈಯೆತ್ತಿ ಕೊಡುತ್ತೇವೆ. ಕೊಡೋಣ. ಅದರೊಡನೆ ಊರಿನ ಸಂಘದ ಕಟ್ಟೆಯನ್ನೂ ಒಮ್ಮೆ ಹತ್ತೋಣ. ಈ ವರ್ಷ ಎಷ್ಟು ಜನರಿಗೆ ಬೀಜಗೊಬ್ಬರಕ್ಕೆ ಸಾಲ ದೊರೆಯಿತು, ಸಣ್ಣ ಹಿಡುವಳಿಯವನಿಗೆ ದೊರೆಯಿತೇ, ವಾರ್ಷಿಕ ಸಭೆಯಲ್ಲಿ ಲೆಕ್ಕ ಓದಿದರೇ ಎಂದು ಕೇಳೋಣ. ಸೊಸಾಯಿಟಿಯ ಸಭೆಗಳಲ್ಲಿ ಲೆಕ್ಕ ಕೇಳಿ ಪಳಗಿದ ನಮಗೆ ಇದು ಕಷ್ಟವಲ್ಲ. ಕಣಗಿನಹಾಳದ ಗೌಡರು ನೆರೆಯವನ ಸಾಲಕ್ಕೆ ತಮ್ಮ ಹೊಲವನ್ನು ಹೊಣೆಯಾಗಿಟ್ಟರು. ನಮ್ಮಿಂದ ಅಷ್ಟಾಗದಿದ್ದರೆ ಬೇಡ. ಊರಿನ ರೈತನ ಬೆನ್ನಿಗೆ ನಮ್ಮ ಹೆಸರಾದರೂ ಇರಲಿ.