ದ್ರಾಕ್ಷಾರಸ

ಶಿವಗಂಗೆಯ ಗಂಗಾಧರೇಶ್ವರನಿಗೆ ಸವರಿದ ತುಪ್ಪ ಮತ್ತೆ ಬೆಣ್ಣೆಯಾಗುತ್ತದೆಂಬುದು ಭಕ್ತರ ನಂಬಿಕೆ. ವೈನಿಗೆ ಬಳಸುವ ‘ದ್ರಾಕ್ಷಾರಸ’ ಎಂಬ ಪದವೂ ಹೀಗೇ ಹಿಂದು ಮುಂದಾಗಿದೆ: ವೈನನ್ನು ಮತ್ತೆ ರಸವಾಗಿಸುತ್ತದೆ. ದ್ರಾಕ್ಷಾ, ರಸ ಎರಡೂ ಸಂಸ್ಕೃತದವು. ಕೂಡಿದರೆ ಅರ್ಥ ಬರೀ ಹಣ್ಣಿನ ರಸ. ಹುದುಗು ಬಂದದ್ದೋ ಬಾರದ್ದೋ, ಪದ ಬಾಯಿ ಬಿಡುವುದಿಲ್ಲ. ಕನ್ನಡ ಬೈಬಲಿನಲ್ಲಿ ಮಾತ್ರ ಅದು ವೈನೇ. ಈ ವಿಷಯದಲ್ಲಿ ಆಯುರ್ವೇದದವರು ಜಾಣರು: ಹುದುಗು ಬಂದದ್ದಕ್ಕೆ ದ್ರಾಕ್ಷಾಸವ, ಕಷಾಯ ಕಾಸಿ ಹುದುಗೆಬ್ಬಿಸಿದ್ದಕ್ಕೆ ದ್ರಾಕ್ಷಾರಿಷ್ಟ ಎಂದರು. ‘ಆಸವ’ದ ಒಳಗಿರುವುದು ಹಿಂಡುವುದೆಂಬ ಅರ್ಥದ ಧಾತು, ‘ಸೋಮ’ದ ಬೇರೂ ಅದೇ.

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ‘ಬೆಂಗಳೂರು ನೀಲಿ’ ದ್ರಾಕ್ಷಿಹಣ್ಣನ್ನು ಹಿಸುಕಿ ನೋಡಿ: ತಿರುಳಲ್ಲಿ ಬಣ್ಣವೇ ಇಲ್ಲ. ಬಣ್ಣವೆಲ್ಲ ಸಿಪ್ಪೆಯದು. ಸಿಪ್ಪೆ ಸಮೇತ ಹುದುಗೆಬ್ಬಿಸಿದರೆ ಮಾತ್ರ ಕೆಂಪು ವೈನ್. ಅಂದರೆ ಬರೀ ರಸವಲ್ಲ! ನಂದಿಬೆಟ್ಟದ ತಪ್ಪಲಲ್ಲಿ 1988ರಲ್ಲಿ ಗ್ರೋವರ್ ಕುಟುಂಬ ಕಟ್ಟಿದ ತೋಟದಲ್ಲಿ ಕೆಂಪು ವೈನಿನ ಫ್ರೆಂಚ್ ತಳಿಗಳಿಗೂ ಇದೇ ಕ್ರಮ.

ಈಗ ವೈನಿನ ಲೇಬಲ್ಲುಗಳಲ್ಲಿ ‘ಸಾವಯವ’ವೂ ಸೇರಿಕೊಳ್ಳುತ್ತಿದೆ. ಬಿಡಿಸಿದರೆ ‘ಅವಯವ ಸಹಿತ’, ಇಂಗ್ಲಿಷಿನ ಆರ್ಗ್ಯಾನಿಕ್ಕಿನ ಪಡಿಯಚ್ಚು. ಇಷ್ಟೆಲ್ಲ ಪದಗಳಿದ್ದರೂ ಸಾಮಾನ್ಯರ ಬಾಯಲ್ಲಿ ಉಳಿದಿರುವುದು ‘ವೈನ್ ಶಾಪ್’ ಒಂದೇ. ಅಲ್ಲಿ ಹೆಚ್ಚಾಗಿ ಬಿಕರಿಯಾಗುವುದು ಬ್ರಾಂಡಿ, ವಿಸ್ಕಿ.