ಪಂಚೆ ಉಟ್ಟು ಕೂರುವುದೂ ಒಂದು ವಿದ್ಯೆ

ಬಟ್ಟೆ ಉಡುವುದು ಸುಲಭ. ಉಟ್ಟು ಕೂರುವುದು ಕಷ್ಟ. ನಂಬಿಕೆ ಬರಲಿಲ್ವಾ? ಪ್ಯಾಂಟಿನಲ್ಲೇ ಬೆಳೆದ ಹುಡುಗನಿಗೆ ಮದುವೆ ದಿನ ಪಂಚೆ ಉಡಿಸಿ ಹಸೆಮಣೆ ಮೇಲೆ ಕೂರಿಸಿ ನೋಡಿ. ಮಂತ್ರದ ಮೇಲೆ ಅಲ್ಲ, ಪಂಚೆ ಮೇಲೇ ಅವನ ಗಮನ!

ಅದೇ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಕಡೆ ಹೋಗಿ. ಹಿಪ್ಪುನೇರಳೆ ತೋಟದಿಂದ ಬಂದ ತಾತ ಜಗಲಿ ಮೇಲೆ ಕೂರುವುದನ್ನು ಗಮನಿಸಿ. ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ್ದ ಪಂಚೆಯನ್ನು ಒಂದೇ ಕೈಯಲ್ಲಿ ಇಳಿಬಿಡುತ್ತಾರೆ. ಮುಂದಿನ ಅಂಚು ಹಿಡಿದು ತೊಡೆಗಳ ನಡುವೆ ಒತ್ತರಿಸಿ ಚಕ್ಕಳಮಕ್ಕಳ ಹಾಕುತ್ತಾರೆ. ಎರಡೇ ಸೆಕೆಂಡು. ಹಿರಿಯರು ಎದುರು ಬಂದರೆ ಎತ್ತಿ ಕಟ್ಟಿದ ಪಂಚೆ ತಾನಾಗೇ ಕೆಳಗಿಳಿಯುತ್ತದೆ. ಅದು ಮರ್ಯಾದೆ. ಕಚ್ಚೆ ಹಾಕಿದ್ದರಂತೂ ಚಿಂತೆಯೇ ಇಲ್ಲ. ನೇಗಿಲು ಹಿಡಿಯಬಹುದು, ಕುದುರೆ ಏರಬಹುದು, ಕುಕ್ಕರಗಾಲಲ್ಲೂ ಕೂರಬಹುದು. ನಾನು ಇಂಜಿನಿಯರಿಂಗ್ ಓದಿದವನು. ಒಂದೂ ಹೊಲಿಗೆಯಿಲ್ಲದ ಎಂಟು ಮೊಳ ಬಟ್ಟೆಯಲ್ಲಿ ಇಷ್ಟೆಲ್ಲಾ ಸಾಧ್ಯ ಅಂದ್ರೆ ಅದಕ್ಕಿಂತ ಒಳ್ಳೆ ಡಿಸೈನ್ ಇನ್ನೇನಿದೆ ಹೇಳಿ?

ಪ್ರಪಂಚದಲ್ಲಿ ಈ ವಿದ್ಯೆ ನಮಗೊಬ್ಬರಿಗೇ ಗೊತ್ತಿರುವುದಲ್ಲ. ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್ ನೋಡಿದ್ದೀರಲ್ಲ? ಹಿಂದೆ ನೆರಿಗೆ, ಮುಂದೆ ನೇತಾಡುವ ಚರ್ಮದ ಚೀಲ. ಕೂರುವ ಮುನ್ನ ಹಿಂದಿನ ನೆರಿಗೆಯನ್ನು ಕೈಯಿಂದ ಸವರಿ ಕೆಳಗೆ ಸರಿಸಬೇಕು. ಮೊಣಕಾಲು ಹತ್ತಿರ ತರಬೇಕು. ಚೀಲ ಮಡಿಲಲ್ಲಿ ಬಿದ್ದು ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ. ದಿಬ್ಬೂರಹಳ್ಳಿ ತಾತನ ಲೆಕ್ಕವೇ, ಊರು ಮಾತ್ರ ಬೇರೆ.

ಆ ಕಿಲ್ಟಿನ ಕಥೆ ಕೇಳಿ. 1745ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನ ಲಂಡನ್ ಅರಸೊತ್ತಿಗೆ ವಿರುದ್ಧ ದಂಗೆ ಎದ್ದರು, 1746ರಲ್ಲಿ ಸೋತರು. ಗೆದ್ದ ಸರ್ಕಾರ ಕೈ ಹಾಕಿದ್ದು ಎಲ್ಲಿಗೆ? ಅವರ ಬಟ್ಟೆಗೆ! ಕಿಲ್ಟ್ ಉಟ್ಟರೆ ಆರು ತಿಂಗಳು ಜೈಲು. ಎರಡನೇ ಸಲ ಸಿಕ್ಕಿಬಿದ್ದರೆ ಏಳು ವರ್ಷ ಕಡಲಾಚೆ ಗಡಿಪಾರು. ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. ಅಂದ್ರೆ ನಿನ್ನ ಅಪ್ಪನ ಬಟ್ಟೆ ಉಡಬೇಕಾ? ನಮಗಾಗಿ ಸಾಯಲು ಬಾ! 1782ರಲ್ಲಿ ಆ ಕಾನೂನು ರದ್ದಾಯಿತು. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ತಾನೇ ಕಿಲ್ಟ್ ಉಟ್ಟು ನಿಂತ. ನಿಷೇಧಿಸಿದ ವಂಶದವನೇ ಉಟ್ಟ!

ಇದಕ್ಕೂ ನಮಗೂ ಏನು ಸಂಬಂಧ ಅಂತೀರಾ? ಆ ಗುಡ್ಡಗಾಡಿನ ಪಡೆಗಳು ಟಿಪ್ಪುವಿನ ವಿರುದ್ಧ ಹೋರಾಡಲು ನಮ್ಮ ನೆಲಕ್ಕೇ ಬಂದವು. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ನಂದಿದುರ್ಗಕ್ಕೆ ಲಗ್ಗೆ ಹಾಕಿ ಗೆದ್ದಾಗ 71ನೇ ಹೈಲ್ಯಾಂಡ್ ರೆಜಿಮೆಂಟಿನವರೂ ಅದರಲ್ಲಿದ್ದರು. ತಮ್ಮ ಉಡುಗೆಯನ್ನೇ ಕಿತ್ತುಕೊಂಡಿದ್ದ ಸಾಮ್ರಾಜ್ಯಕ್ಕಾಗಿ ಇವರು ನಮ್ಮ ಬೆಟ್ಟ ಹತ್ತಿದರು.

ಅದೇ ನಂದಿಬೆಟ್ಟಕ್ಕೆ 1927ರಲ್ಲಿ ಇನ್ನೊಬ್ಬರು ಬಂದರು, ಆರೋಗ್ಯ ಸುಧಾರಿಸಿಕೊಳ್ಳಲು. ಮಹಾತ್ಮ ಗಾಂಧಿ. 1921ರಲ್ಲಿ ಮದುರೈಯಲ್ಲಿ ಅಂಗಿ ಬಿಟ್ಟು ತುಂಡುಪಂಚೆ ಉಟ್ಟವರು, 1931ರಲ್ಲಿ ಲಂಡನ್ನಿನ ಅರಮನೆಗೂ ಅದರಲ್ಲೇ ಹೋದರು. ದೊರೆ ಐದನೇ ಜಾರ್ಜ್ ಬಾಗಿಲು ಮುಚ್ಚಲಿಲ್ಲ.

ಬಾಗಿಲು ಮುಚ್ಚಿದ್ದು ಯಾರು ಗೊತ್ತಾ? ನಾವು! 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ಗಲಾಟೆ ಆಯಿತು, ಸದನದಲ್ಲಿ ಚರ್ಚೆ ಆಯಿತು, ಸರ್ಕಾರ ಏಳು ದಿನ ಮಾಲ್ ಮುಚ್ಚಲು ಆದೇಶಿಸಿತು. ಸ್ಕಾಟ್ಲೆಂಡಿನಲ್ಲಿ ಉಟ್ಟವನಿಗೆ ಏಳು ವರ್ಷ. ಇಲ್ಲಿ ತಡೆದವರಿಗೆ ಏಳು ದಿನ. ಸಮಾಧಾನಪಟ್ಟುಕೊಳ್ಳೋಣ್ವಾ? ಬೇಡ. ಅಲ್ಲಿ ನಿಷೇಧ ಹೇರಿದ್ದು ಯುದ್ಧದಲ್ಲಿ ಗೆದ್ದ ಶತ್ರು. ಇಲ್ಲಿ ತಡೆದದ್ದು ನಮ್ಮವರೇ. ಅವರ ಅಪ್ಪನೋ ತಾತನೋ ಪಂಚೆಯಲ್ಲೇ ಬದುಕಿದವರು.

ದಿಬ್ಬೂರಹಳ್ಳಿಯಿಂದ ಬಂದ ರೈತರು ತಾಲ್ಲೂಕು ಕಚೇರಿಯಲ್ಲಿ ಕುರ್ಚಿ ಖಾಲಿ ಇದ್ದರೂ ಗೋಡೆಗೆ ಒರಗಿ ನಿಲ್ಲುತ್ತಾರಲ್ಲ, ಯಾಕೆ? ಅವರಿಗೆ ಕೂರಲು ಬರುವುದಿಲ್ಲ ಅಂತಲ್ಲ. ಕೂರಿ ಅಂತ ನಾವು ಹೇಳಿಲ್ಲ. ಪಂಚೆ ಉಟ್ಟು ನೀಟಾಗಿ ಕೂರುವುದು ಅವರಿಗೆ ಗೊತ್ತು. ಕುರ್ಚಿ ಸರಿಸಿ ಕೊಡುವ ವಿದ್ಯೆಯನ್ನು ಮಾತ್ರ ನಾವು ಇನ್ನೂ ಕಲಿಯಬೇಕಿದೆ.