ರಾಟೆ ಕಾಲದಿಂದ ಕಂಪ್ಯೂಟರ್ ಕಾಲಕ್ಕೆ: ಕಟ್ಟಿರೋದು ತರೋದಾ, ನಾವೇ ಕೂಡ್ಸೋದಾ?

ಅಕ್ಕಂದಿರೇ, ತಂಗೀರೇ, ಹೋದ ಸಲ ಹುರುಳಿಕಾಳು ಬಸ್ಸಾರಿನ ವಿಷಯ ಬರ್ದಿದ್ದಕ್ಕೆ ಬಾಳ ಜನ ಫೋನ್ ಮಾಡಿದ್ರಿ. ಈ ಸಲ ಅಡುಗೆಮನೆ ಬುಟ್ಟು ಒಸಿ ಆಚೆ ಬತ್ತೀನಿ. ಎರಡು ತಿಂಗಳಿಂದ ನಮ್ಮನೇಲಿ ಒಂದೇ ಮಾತು. ಸೊಸೆಗೆ ಒಂದು ಕಂಪ್ಯೂಟರ್ ಬೇಕು. ಮನೇಲೇ ಕೂತು ಲಗ್ನಪತ್ರಿಕೆ, ಅರ್ಜಿ, ಮಕ್ಕಳ ಪ್ರಾಜೆಕ್ಟ್ ಎಲ್ಲ ಟೈಪ್ ಮಾಡ್ಕೊಟ್ಟು ನಾಕು ಕಾಸು ನೋಡೋಣ ಅಂತ ಅವಳ ಆಸೆ. ದುಡ್ಡು ಎಲ್ಲಿಂದ ಅಂದ್ರೆ, ಸಂಘದ ಸಾಲ. ಅಂದ್ಮೇಲೆ ಹಾಳಾಗಂಗಿಲ್ಲ, ಕಂತು ಕಟ್ಲೇಬೇಕಲ್ಲ.

ನಮ್ಮನೆಯವ್ರು ಅಂತಾರೆ, ಕಂಪನಿಯವ್ರು ಕಟ್ಟಿರೋದನ್ನೇ ತಗೊಳ್ಳಿ, ಕೆಟ್ರೆ ಅವ್ರನ್ನೇ ಕೇಳ್ಬೋದು ಅಂತ. ಮಗ ಅಂತಾನೆ, ಬಿಡಿಭಾಗ ತಂದು ನಾನೇ ಕೂಡಿಸ್ತೀನಿ ಅವ್ವ, ಅದೇ ದುಡ್ಡಿಗೆ ಒಳ್ಳೇದು ಬತ್ತದೆ ಅಂತ. ನಾನು ನಡುವೆ. ಯಾಕಂದ್ರೆ ಎರಡರ ಕಹೀನೂ ಉಂಡಿದ್ದೀನಿ, ಅದನ್ನ ಆಮೇಲೆ ಹೇಳ್ತೀನಿ. ಈ ಜಗಳ ನಮ್ಮನೇದು ಮಾತ್ರ ಅಲ್ಲ, ಅದಕ್ಕೊಂದು ಇತಿಹಾಸನೇ ಇದೆ. ಅದನ್ನ ಮೊದ್ಲು ಕೇಳಿ.

ನಮ್ಮೂರು ಬದನವಾಳು ಅಂದ್ರೆ ಜನಕ್ಕೆ ನೆನಪಾಗೋದು ಖಾದಿ. 1927ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ರು. ಪಕ್ಕದ ತಗಡೂರಿನ ರಾಮಚಂದ್ರರಾಯರಂಥವರು ಈ ಸೀಮೇಲಿ ಖಾದಿ ಕೆಲಸಕ್ಕೆ ಜೀವ ತೇದವರು. ನಮ್ಮತ್ತೆ ಕೇಂದ್ರಕ್ಕೆ ನೂಲೋಕೆ ಹೋಗ್ತಿದ್ರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವರು ಎರಡು ಥರದ ರಾಟೆ ಸಂಗತಿ ಹೇಳೋರು. ಹಳೇ ಮರದ ರಾಟೆ ಕೆಟ್ರೆ ಊರಿನ ಆಚಾರಿ ಸಾಕಾಗಿತ್ತಂತೆ. ದಾರ ಕಿತ್ತೋದ್ರೆ ತಾವೇ ಕಟ್ಕೊಳ್ಳೋರು, ಕದಿರು ಬಗ್ಗಿದ್ರೆ ತಾವೇ ನೆಟ್ಟಗೆ ಮಾಡ್ಕೊಳ್ಳೋರು. ಆಮೇಲೆ 1950ರ ದಶಕದಲ್ಲಿ ಅಂಬರ ಚರಕ ಅಂತ ಬಂತು. ತಮಿಳುನಾಡಿನ ಏಕಾಂಬರನಾಥ ಅನ್ನೋರು ಮಾಡಿದ್ದು, ಅವರ ಹೆಸರಿಂದಾನೇ ಅಂಬರ ಅಂತ ಆಯ್ತು. ಅದ್ರಲ್ಲಿ ಒಂದಕ್ಕಿಂತ ಹೆಚ್ಚು ಕದಿರು, ನೂಲು ಜಾಸ್ತಿ, ಕೂಲೀನೂ ಜಾಸ್ತಿ. ಆದ್ರೆ ಕೆಟ್ರೆ ಆಚಾರಿ ಕೈಲಾಗದು, ಅದರ ಭಾಗವೇ ಬರ್ಬೇಕು, ಗೊತ್ತಿರೋನೇ ಬರ್ಬೇಕು. ಅಲ್ಲೀವರೆಗೂ ಕೈ ಕಟ್ಕೊಂಡು ಕೂತ್ಕೊಳ್ಳೋದು. ಕೂತ ದಿನ ಕೂಲಿ ಇಲ್ಲ.

ಗಾಂಧೀಜಿಗೂ ಇದೇ ಯೋಚ್ನೆ ಇತ್ತು ಅಂತ ಕಾಣ್ತದೆ. 1929ರಲ್ಲಿ ಅಖಿಲ ಭಾರತ ಚರಕ ಸಂಘದವರು ಒಳ್ಳೆ ರಾಟೆ ಮಾಡ್ಕೊಟ್ಟೋರಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಅಂತ ಸಾರಿದ್ರು. ಆ ಕಾಲದ ಲಕ್ಷ, ಯೋಚ್ನೆ ಮಾಡಿ! ಷರತ್ತು ಏನು ಗೊತ್ತಾ? ಎಂಟು ಗಂಟೇಲಿ 16,000 ಅಡಿ ನೂಲು ಬರ್ಬೇಕು. ಬೆಲೆ 150 ರೂಪಾಯಿ ಮೀರಬಾರದು. 20 ವರ್ಷ ಬಾಳಬೇಕು. ವರ್ಷದ ರಿಪೇರಿ ಖರ್ಚು ಬೆಲೆಯ ನೂರಕ್ಕೆ ಐದು ಪಾಲು ದಾಟಬಾರದು. ಗುಡಿಸಲಲ್ಲೇ ಹೆಂಗಸು ಕೈಲೋ ಕಾಲಲ್ಲೋ ನಡೆಸೋ ಹಂಗಿರಬೇಕು. ಬೆಲೆ ಒಂದೇ ಕೇಳ್ಲಿಲ್ಲ ನೋಡಿ, ಎಷ್ಟು ವರ್ಷ ಬಾಳ್ತದೆ, ಕೆಟ್ರೆ ಎಷ್ಟಾಗ್ತದೆ ಅಂತಲೂ ಕೇಳಿದ್ರು. ಒಂದು ಯಂತ್ರ ಮನೆಗೆ ತರೋ ಮುಂಚೆ ಈ ಪ್ರಶ್ನೆ ಇವತ್ತಿಗೂ ಸರಿಯಾಗೇ ಇದೆ.

ಈಗ ಕಂಪ್ಯೂಟರ್ ಕಡೆಗೆ ಬನ್ನಿ. ಮನೆಗೆ ಅಂತ ಬಂದ ಮೊದಮೊದಲ ಕಂಪ್ಯೂಟರ್‌ಗಳು ಕಟ್ಟಿದ್ದಲ್ಲ, ಕೂಡಿಸಿಕೊಳ್ಳೋದೇ ಆಗಿದ್ವು. 1975ರಲ್ಲಿ ಅಮೆರಿಕದಲ್ಲಿ ಆಲ್ಟೇರ್ 8800 ಅಂತ ಒಂದು ಬಂತು. ಬಿಡಿಭಾಗದ ಗಂಟನ್ನ ಅಂಚೇಲಿ ತರಿಸ್ಕೊಂಡು ಮನೇಲಿ ಬೆಸುಗೆ ಹಾಕ್ಕೊಳ್ಳೋದು. 1976ರ ಮೊದಲ ಆಪಲ್ ಕೂಡ ಬರೀ ಒಂದು ಹಲಗೆ. ಪೆಟ್ಟಿಗೆ, ಕೀಬೋರ್ಡು, ಕರೆಂಟಿನ ವ್ಯವಸ್ಥೆ ಎಲ್ಲಾ ಕೊಂಡೋರದ್ದೇ. ಆಮೇಲೆ ಟಿ.ವಿ. ಥರ ಪೂರಾ ಕಟ್ಟಿದ ಪೆಟ್ಟಿಗೆಗಳು ಬಂದ್ವು.

1981ರ ಆಗಸ್ಟ್‌ನಲ್ಲಿ ಐಬಿಎಂ ಕಂಪನಿ ತನ್ನ ಪಿ.ಸಿ. ತಂತು. ಬೇಗ ಮಾಡ್ಬೇಕು ಅಂತ ಅವ್ರು ಒಳಗಿನ ಭಾಗಗಳನ್ನ ಬಾಳಷ್ಟು ಹೊರಗಿನ ಕಂಪನಿಗಳಿಂದ ತಗೊಂಡ್ರು. ಪ್ರೊಸೆಸರ್ ಇಂಟೆಲ್‌ನವ್ರದ್ದು. ಹೆಂಗೆ ಜೋಡಿಸಿದೆ ಅನ್ನೋದನ್ನ ಪುಸ್ತಕದಲ್ಲೇ ಅಚ್ಚು ಹಾಕ್ಸಿದ್ರು. ಯಂತ್ರನ ಎಬ್ಬಿಸೋ ಒಂದು ಚಿಕ್ಕ ತಂತ್ರಾಂಶ ಮಾತ್ರ ಅವ್ರ ಸ್ವಂತದ್ದು. ಬೇರೆಯವ್ರು ಅದನ್ನ ನಕಲು ಮಾಡ್ದೆ, ಅದೇ ಕೆಲಸ ಮಾಡೋ ಹಂಗೆ ತಾವೇ ಹೊಸದಾಗಿ ಬರ್ಕೊಂಡ್ರು. ಅಲ್ಲಿಗೆ ಗುಟ್ಟು ಬಯಲಾಯ್ತು. ಯಾರು ಬೇಕಾದ್ರೂ ಅದೇ ಥರದ ಕಂಪ್ಯೂಟರ್ ಮಾಡ್ಬೋದು ಅನ್ನೋ ಹಂಗಾಯ್ತು. 1995ರಲ್ಲಿ ಇಂಟೆಲ್‌ನವ್ರು ಎಟಿಎಕ್ಸ್ ಅಂತ ಒಂದು ಅಳತೆ ತಂದ್ರು. ಮದರ್‌ಬೋರ್ಡಿನ ತಿರುಪು ಎಲ್ಲಿ ಬರ್ಬೇಕು, ಕರೆಂಟಿನ ಕನೆಕ್ಟರ್ ಹೆಂಗಿರ್ಬೇಕು ಅಂತ. ಎಲ್ಲಾ ಕುಕ್ಕರಿಗೂ ಒಂದೇ ಗ್ಯಾಸ್ಕೆಟ್ ಆಗೋ ಹಂಗಿದ್ರೆ ನಮಗೆ ಎಷ್ಟು ಅನುಕೂಲ ಆಗ್ತಿತ್ತು? ಅಂಥದ್ದೇ ಇದು.

ನಮ್ಮ ದೇಶದ ಕತೆ ಇನ್ನೊಂದು. 1973ರ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಹೊರಗಿನ ಕಂಪನಿಗಳು ತಮ್ಮ ಪಾಲನ್ನ ನೂರಕ್ಕೆ 40ಕ್ಕೆ ಇಳಿಸ್ಬೇಕಿತ್ತು. ಐಬಿಎಂ ಒಪ್ಪಲಿಲ್ಲ, 1978ರಲ್ಲಿ ಗಂಟು ಕಟ್ಕೊಂಡು ಹೋಯ್ತು. ಆಗ ಕೈಗಾರಿಕಾ ಮಂತ್ರಿ ನಮ್ಮ ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಆ ಖಾಲಿ ಜಾಗದಲ್ಲಿ ನಮ್ಮವರು ಬೆಳೆದ್ರು. ಅಡುಗೆ ಎಣ್ಣೆ ಮಾಡ್ತಿದ್ದ ವಿಪ್ರೋದವರು ಕಂಪ್ಯೂಟರ್‌ಗೆ ಕೈ ಹಾಕಿ ಮೈಸೂರಲ್ಲೇ ಕಾರ್ಖಾನೆ ಮಾಡಿದ್ರು. ಇಲ್ಲಿಂದ ರೈಲು ಹತ್ತಿದ್ರೆ ಸಿಗೋ ಊರಲ್ಲೇ ಕಂಪ್ಯೂಟರ್ ಕಟ್ತಿದ್ರು ಅಂದ್ರೆ ನಂಗೆ ಈಗ್ಲೂ ಆಶ್ಚರ್ಯ. ಆದ್ರೆ ಅವು ಆಫೀಸು, ಬ್ಯಾಂಕಿನವರಿಗೆ. ನಮ್ಮಂಥವರ ಕೈಗೆ ಎಟುಕೋ ಬೆಲೆ ಅಲ್ಲ.

1984ರ ನವೆಂಬರ್‌ನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಬಿಡಿಭಾಗ ತರಿಸೋದನ್ನ ಸಲೀಸು ಮಾಡ್ತು. ಅಲ್ಲಿಂದ ಮುಂದೆ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸಣ್ಣ ಸಣ್ಣ ಅಂಗಡಿಗಳು ಬಿಡಿಭಾಗ ತಂದು ಗಿರಾಕಿ ಮುಂದೇನೇ ಕಂಪ್ಯೂಟರ್ ಕೂಡಿಸಿ ಕೊಡೋಕೆ ಶುರು ಮಾಡಿದ್ವು. ಅದಕ್ಕೇ "ಅಸೆಂಬಲ್ಡ್" ಅಂತ ಹೆಸರು ಬಂತು, ಕಂಪನೀದು "ಬ್ರ್ಯಾಂಡೆಡ್" ಆಯ್ತು. ಅಸೆಂಬಲ್ಡ್ ಯಾಕೆ ಅಗ್ಗ ಅಂದ್ರೆ, ಕಂಪನಿ ಹೆಸರಿನ ಖರ್ಚಿಲ್ಲ, ಜಾಹೀರಾತಿಲ್ಲ. ಇನ್ನೊಂದು ಕಾರಣಾನೂ ಹೇಳ್ಬೇಕು: ಎಷ್ಟೋ ಕಡೆ ಬಿಲ್ಲೂ ಇರ್ತಿರ್ಲಿಲ್ಲ, ಒಳಗೆ ಹಾಕ್ಕೊಡ್ತಿದ್ದ ವಿಂಡೋಸ್ ಕದ್ದ ನಕಲು.

1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರ್ತು. 2005ರ ಹೊತ್ತಿಗೆ ಕಂಪ್ಯೂಟರಿನ ಆಮದು ಸುಂಕ ಸೊನ್ನೆಗೆ ಬಂತು. ಹೊರಗಿನ ದೊಡ್ಡ ಕಂಪನಿಗಳ ಪೆಟ್ಟಿಗೆ ಅಗ್ಗ ಆಯ್ತು, ನಮ್ಮ ದೇಶದಲ್ಲಿ ಕಟ್ಟೋರಿಗೆ ಏಟು ಬಿತ್ತು. 2013ರಲ್ಲಿ ವಿಪ್ರೋದವರೂ ಪಿ.ಸಿ. ಮಾಡೋದನ್ನ ನಿಲ್ಲಿಸಿದ್ರು. ಮಿಲ್ ಬಟ್ಟೆ ಬಂದು ನೂಲೋರ ಕೈ ಖಾಲಿ ಆಯ್ತಲ್ಲ, ಅದನ್ನ ಕಂಡ ಊರಿನವಳಾಗಿ ನಂಗೆ ಇದು ಹೊಸ ಕತೆ ಅನ್ನಿಸಲಿಲ್ಲ.

ನಮ್ಮಂಥ ಹಳ್ಳಿಯೋರು ಕಂಪ್ಯೂಟರ್ ಕಂಡಿದ್ದು ಯಾವಾಗ ಹೇಳಿ? ನಾನಂತೂ ನಂಜನಗೂಡು ತಾಲ್ಲೂಕು ಕಚೇರೀಲಿ. 2000ದ ಆಸುಪಾಸಲ್ಲಿ "ಭೂಮಿ" ಯೋಜನೆ ಬಂದು ಪಹಣಿಯೆಲ್ಲ ಕಂಪ್ಯೂಟರ್‌ಗೆ ಹೋಯ್ತು. 15 ರೂಪಾಯಿ ಕೊಟ್ರೆ ಅಚ್ಚಾಗಿ ಬರೋದು. ನಮ್ಮಾವನವರ ಹೆಸರು ಕನ್ನಡದಲ್ಲಿ ಆ ಕಾಗದದ ಮೇಲೆ ಮೂಡಿದ್ದು ನೋಡಿ, ಇದು ನಮ್ ಭಾಷೆಯೂ ಬಲ್ಲದು ಅನ್ನೋ ಧೈರ್ಯ ಬಂತು. ಕನ್ನಡದಲ್ಲಿ ಟೈಪ್ ಮಾಡೋ ಕೀಲಿಮಣೆಗೆ ಕೆ.ಪಿ. ರಾವ್ ಅವರು ದಾರಿ ಹಾಕಿದ್ರು. 1998ರಲ್ಲಿ ಶೇಷಾದ್ರಿವಾಸು ಅವರ "ಬರಹ" ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ "ನುಡಿ" ಬಂತು. ಇವತ್ತು ನಾನು ಇಷ್ಟುದ್ದ ಬರೀತಿದ್ದೀನಿ ಅಂದ್ರೆ ಅವರ ಪುಣ್ಯ.

ಈಗ ನಮ್ಮನೆ ಕಹಿ. 2008ರಲ್ಲಿ ಮಗ ಪಿಯುಸಿ ಓದುವಾಗ ಒಂದು ಅಂಗಡೀಲಿ ಅಸೆಂಬಲ್ಡ್ ತಂದ್ವಿ. ಅಂಗಡಿ ಹೆಸರು ಬೇಡ. ಬಿಲ್ ಕೇಳಿದ್ರೆ "ಬಿಲ್ ಆದ್ರೆ ತೆರಿಗೆ ಬೀಳ್ತದೆ ಅಕ್ಕ" ಅಂದ. ನಾವೂ ಸುಮ್ನಾದ್ವಿ, ನಮ್ದೂ ತಪ್ಪೇ. ಎರಡು ವರ್ಷಕ್ಕೆ ಎಸ್‌ಎಂಪಿಎಸ್ ಸುಟ್ಟೋಯ್ತು. ಅಂದ್ರೆ ಹೊರಗಿನ ಕರೆಂಟನ್ನ ಒಳಗಿನ ಭಾಗಗಳಿಗೆ ತಕ್ಕಂಗೆ ಇಳಿಸಿ ಕೊಡೋ ಡಬ್ಬಿ. ಅದೇನೂ ದೊಡ್ಡದಾಗ್ಲಿಲ್ಲ, ಆರ್ನೂರು ರೂಪಾಯಿಗೆ ಬೇರೆ ಸಿಕ್ತು, ಮಗನೇ ಹಾಕ್ದ. ಆದ್ರೆ ಮರುವರ್ಷ ಹಾರ್ಡ್ ಡಿಸ್ಕ್ ನಿಂತೋಯ್ತು. ಬಿಚ್ಚಿ ನೋಡಿದ ಹುಡುಗ ಹೇಳ್ದ, ಇದು ಹಳೇದು, ಬಳಸಿದ್ದನ್ನ ಹೊಸದು ಅಂತ ಕೊಟ್ಟವ್ರೆ ಅಂತ. ಬಿಲ್ಲೇ ಇಲ್ದಿದ್ಮೇಲೆ ಯಾರನ್ನ ಕೇಳೋದು?

ಅದ್ರಲ್ಲಿ ನಮ್ಮತ್ತೆ ಹಾಡಿದ್ದ ರಾಗಿ ಬೀಸೋ ಪದ ಇದ್ವು ಕನಕ್ಕ. ಮಗ ಮೊಬೈಲಲ್ಲಿ ಹಿಡಿದು ಅದಕ್ಕೆ ಹಾಕಿ ಮಡಗಿದ್ದ. ಹನ್ನೊಂದು ಪದ. ಮೊಬೈಲಲ್ಲಿ ಜಾಗ ಇಲ್ಲ ಅಂತ ಅಲ್ಲಿಂದ ಅಳಿಸಿದ್ದ. ಡಿಸ್ಕ್ ಹೋಗೋ ಹೊತ್ತಿಗೆ ಅತ್ತೇನೂ ಇರ್ಲಿಲ್ಲ.

ಆ ಕೋಪಕ್ಕೆ 2016ರಲ್ಲಿ ಬ್ರ್ಯಾಂಡೆಡ್ ತಂದ್ವಿ. ಬಿಲ್ಲು, ವಾರಂಟಿ ಕಾರ್ಡು ಎಲ್ಲಾ ನೆಟ್ಟಗಿತ್ತು. ವಾರಂಟಿ ಒಂದು ವರ್ಷ, ಕೆಟ್ಟಿದ್ದು ಹದಿನಾಲ್ಕನೇ ತಿಂಗಳು. ಅದೇ ಎಸ್‌ಎಂಪಿಎಸ್. ಇದ್ರದ್ದು ಅಳತೇನೇ ಬೇರೆ, ಕನೆಕ್ಟರೂ ಬೇರೆ. ಪೇಟೇಲಿ ಸಿಗೋದು ಕೂರಲ್ಲ, ಅವರದ್ದೇ ಬೇಕು. ಅವರು ಹೇಳಿದ ಬೆಲೆ ಕೇಳಿ ನಮ್ಮನೆಯವ್ರು ಪೆಟ್ಟಿಗೇನ ಅಟ್ಟಕ್ಕೆ ಹಾಕಿದ್ರು. ಅಂಬರ ಚರಕ ಕೆಟ್ಟಾಗ ಅತ್ತೆ ಕೈ ಕಟ್ಕೊಂಡು ಕೂತಿದ್ದು ನಂಗೆ ಆಗ ನೆನಪಾಯ್ತು.

ಅದಕ್ಕೇ ಈ ಸಲ ನಾನು ಒಂದು ಮಾತು ಹೇಳ್ದೆ. ಕೂಡಿಸೋದೇ ಆಗ್ಲಿ, ಆದ್ರೆ ಮಗ ಅಲ್ಲ, ಸೊಸೆ ಕೂಡಿಸ್ಬೇಕು. ಮಗ ಕೆಲಸಕ್ಕೆ ಹೋದಾಗ ಕೆಟ್ರೆ ಅವಳು ಯಾರ ದಾರಿ ಕಾಯೋದು? ಪ್ರತಿ ಭಾಗಕ್ಕೂ ಬಿಲ್ ಬೇಕು, ಬಿಲ್ಲಿನ ನಂಬರೂ ಭಾಗದ ಮೇಲಿನ ನಂಬರೂ ಒಂದೇ ಇರ್ಬೇಕು. ಜಿಎಸ್‌ಟಿ ನೂರಕ್ಕೆ 18 ಬೀಳ್ತದೆ, ಬೀಳಲಿ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಕಾಸು ಉಳಿಸೋದು ಬೇಡ, ನಮ್ಮೂರ ಕರೆಂಟು ನಿಮಗೆ ಗೊತ್ತಲ್ಲ. ಜೊತೆಗೊಂದು ಯುಪಿಎಸ್. ಕದ್ದ ವಿಂಡೋಸ್ ಬೇಡ, ದುಡ್ಡು ಕೊಡೋಕೆ ಆಗದಿದ್ರೆ ಬಿಟ್ಟಿ ಸಿಗೋ ಲಿನಕ್ಸ್ ಇದೆ. ಎಲ್ಲಾ ಸೇರಿ ನಲವತ್ತೆರಡು ಸಾವಿರ ಆಯ್ತು. ಹಳೇ ಮಾನಿಟರನ್ನೇ ಇಟ್ಕೊಂಡ್ವಿ.

ಒಂದು ಭಾನುವಾರ ಹಾಲ್‌ನಲ್ಲಿ ಚಾಪೆ ಹಾಸಿ ಕೂತ್ವಿ. ಪ್ರೊಸೆಸರಿನ ಮೂಲೇಲಿ ಒಂದು ಪುಟ್ಟ ತ್ರಿಕೋನ ಇರ್ತದೆ, ಬೋರ್ಡಿನ ಮೇಲೂ ಅದೇ ಗುರುತು. ಎರಡೂ ಒಂದ್ಕಡೆ ಬಂದ್ರೆ ತಾನೇ ಕೂರ್ತದೆ, ಒತ್ತಂಗಿಲ್ಲ. ಅದರ ಮೇಲೆ ಬಿಸಿ ಎಳೆಯೋ ಪೇಸ್ಟು ಬಟಾಣಿ ಗಾತ್ರ, ಮೇಲೆ ಫ್ಯಾನು. ಎಲ್ಲಾ ಆಗಿ ಸ್ವಿಚ್ ಹಾಕಿದ್ರೆ ಫ್ಯಾನ್ ತಿರುಗ್ತು, ಪರದೆ ಕಪ್ಪು! ನಮ್ಮನೆಯವ್ರು "ನಾ ಹೇಳ್ಲಿಲ್ವಾ" ಅಂದ್ರು. ಸೊಸೆ ಕಣ್ಣಲ್ಲಿ ನೀರು. ಸಾಲದ ದುಡ್ಡಲ್ವಾ. ಪ್ಲಗ್ ಕಿತ್ತು, ಒಂದೊಂದೇ ನೋಡ್ಕೊಂಡು ಬಂದ್ಲು. ರ್‍ಯಾಮ್ ಒಂದು ಕಡೆ ಪೂರಾ ಕೂತಿರ್ಲಿಲ್ಲ. ಟಕ್ ಅನ್ನೋವರ್ಗೂ ಒತ್ತಿದ್ಲು. ಆಮೇಲೆ ಬೆಳಕು ಬಂತು. ಅವತ್ತಿಂದ ಅವಳಿಗೆ ಆ ಪೆಟ್ಟಿಗೆ ಭಯ ಇಲ್ಲ.

ಎಲ್ಲಾರೂ ಹಿಂಗೇ ಮಾಡಿ ಅಂತ ನಾನು ಹೇಳಲ್ಲ. ಮನೇಲಿ ಬಿಚ್ಚೋರು ಯಾರೂ ಇಲ್ಲ, ಒಂದು ದಿನಾನೂ ನಿಲ್ಲಂಗಿಲ್ಲ ಅನ್ನೋರು ಬ್ರ್ಯಾಂಡೆಡ್ಡೇ ತಗೊಳ್ಳಿ. ಆದ್ರೆ ಮನೆಗೇ ಬಂದು ಮಾಡ್ಕೊಡೋ ಮೂರು ವರ್ಷದ ವಾರಂಟಿ ಕೇಳಿ. ಎಸ್‌ಎಂಪಿಎಸ್ ಪೇಟೇಲಿ ಸಿಗೋ ಅಳತೇದಾ ಅಂತ ಕೇಳಿ. ಅಂಗಡಿಯವನು ಬೆಲೆ ಹೇಳಿದಾಗ 1929ರ ಆ ಷರತ್ತು ನೆನಪು ಮಾಡ್ಕೊಳ್ಳಿ: ಎಷ್ಟು ವರ್ಷ, ಕೆಟ್ರೆ ಎಷ್ಟು, ಮಾಡೋರು ಯಾರು.

ಸೊಸೆ ಮೊದಲ ಕೆಲಸ ಪಕ್ಕದ ಬೀದಿಯ ಲಗ್ನಪತ್ರಿಕೆ. ಎರಡನೇದು ನನ್ನದು. ಅತ್ತೆ ಪದಗಳಲ್ಲಿ ನಂಗೆ ನಾಲ್ಕು ಪೂರಾ ಬರ್ತವೆ, ಎರಡು ಅರ್ಧ. ನಾನು ಹಾಡ್ದೆ, ಅವಳು ಹಿಡಿದ್ಲು. ಕಂಪ್ಯೂಟರ್‌ನಲ್ಲಿ ಒಂದು ಪ್ರತಿ, ಪೆನ್ ಡ್ರೈವ್‌ನಲ್ಲಿ ಒಂದು ಪ್ರತಿ, ತವರಲ್ಲಿ ಅವಳ ತಂಗಿ ಹತ್ರ ಇನ್ನೊಂದು. ನಮ್ಮತ್ತೆ ಜೊತೆ ಬೀಸೋಕೆ ಕೂತಿದ್ದೋರು, ಅವರ ಪದ ನೆನಪಿರೋರು ಯಾರಾದ್ರೂ ಇದ್ರೆ ಒಂದ್ಸಲ ಮನೆ ಕಡೆ ಬನ್ನಿ. ಕಾಫಿ ಕುಡ್ಕೊಂಡು ಹೋಗಿರಂತೆ, ಇನ್ನೂ ಐದು ಪದ ಬಾಕಿ ಅವೆ.